ಮೊಬೈಲ್, ಬಿಳಿ ಹಲಗೆ, ಗೋಡೆಯ ಕ್ಯಾಲೆಂಡರ್: ನಮ್ಮ ಮನೆಯಲ್ಲಿ ಗೆದ್ದದ್ದು ಯಾವುದು

ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ 40 ರೂಪಾಯಿಯ ಕ್ಯಾಲೆಂಡರ್ ಮತ್ತು ಅದರ ಬದಿಯಲ್ಲಿ ದಾರಕ್ಕೆ ಕಟ್ಟಿದ ಒಂದು ಪೆನ್ಸಿಲ್, ಇವೆರಡೇ ಈಗ ನಮ್ಮ ಮನೆಯ ದಿನಚರಿಯನ್ನು ನಡೆಸುತ್ತಿವೆ. ಇದಕ್ಕೆ ಮೊದಲು ಒಂದು ವರ್ಷ ಮೊಬೈಲನ್ನು ನಂಬಿದ್ದೆವು. ಅದಾದ ಮೇಲೆ ಐದು ತಿಂಗಳು, ಎಲ್ಲ ಸೇರಿ 900 ರೂಪಾಯಿಯಷ್ಟು ಖರ್ಚು ಮಾಡಿ, ಬಿಳಿ ಹಲಗೆಯನ್ನು ನಂಬಿದ್ದೆವು. ಆ ಹಲಗೆಯಿಂದ ಪಟ್ಟ ಪಾಡು ಇನ್ನೂ ಮರೆತಿಲ್ಲವಾದ್ದರಿಂದ ಈ ಹೋಲಿಕೆ ಪೂರ್ತಿ ನಿಷ್ಪಕ್ಷಪಾತವಾಗಿರುತ್ತದೆಂದು ಹೇಳಲಾರೆ.

ನಮ್ಮದು ಕೊಡಗಿನ ಮೂರ್ನಾಡಿನ ಸಮೀಪ ನಾಲ್ಕು ಎಕರೆ ಕಾಫಿ ತೋಟವಿರುವ ಮನೆ. ಹೆಂಡತಿ ಮಡಿಕೇರಿಯಲ್ಲಿ ನರ್ಸ್. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿ. ವಾರದ ಡ್ಯೂಟಿ ಪಟ್ಟಿ ಮೊದಲೇ ಸಿಕ್ಕಿದರೂ ಸಹೋದ್ಯೋಗಿಗಳ ಅನುಕೂಲ, ಅನನುಕೂಲಗಳಿಗೆ ತಕ್ಕಂತೆ ನಡುವೆಯೇ ಬದಲಾಗುತ್ತದೆ. ಮಗಳು ಆರನೆಯ ತರಗತಿ, ಮಗ ಎರಡನೆಯದು. ಜೊತೆಗೆ ಎಪ್ಪತ್ತು ದಾಟಿದ ಅಮ್ಮ ಇದ್ದಾರೆ. ನೆನಪಿಡಬೇಕಾದ ಸಂಗತಿಗಳೇನೂ ಅಸಾಧಾರಣವಾದವಲ್ಲ: ಯಾರ ಡ್ಯೂಟಿ ಯಾವಾಗ, ಮಕ್ಕಳನ್ನು ಬಸ್ಸಿನಿಂದ ಇಳಿಸಿಕೊಳ್ಳುವವರು ಯಾರು, ಗ್ಯಾಸ್ ಯಾವತ್ತು ಬಂತು, ಅಮ್ಮನ ಬಿ.ಪಿ. ಮಾತ್ರೆ ಎಂದಿಗೆ ಮುಗಿಯುತ್ತದೆ, ಶುಕ್ರವಾರದ ಮಡಿಕೇರಿ ಸಂತೆಯಿಂದ ಏನು ತರಬೇಕು. ಆದರೆ ಇವೆಲ್ಲ ಒಬ್ಬರ ತಲೆಯಲ್ಲಿ ಮಾತ್ರ ಇದ್ದು, ಆ ಒಬ್ಬರು ಮನೆಯಲ್ಲಿ ಇಲ್ಲದಿರುವುದೇ ತೊಂದರೆಯ ಮೂಲ.

ಮೊಬೈಲಿನಿಂದ ಆರಂಭಿಸುತ್ತೇನೆ. ನಾವಿಬ್ಬರೂ ಗೂಗಲ್ ಕ್ಯಾಲೆಂಡರನ್ನು ಹಂಚಿಕೊಂಡಿದ್ದೆವು. ಅವಳು ಆಸ್ಪತ್ರೆಯಲ್ಲಿ ಕುಳಿತು ಡ್ಯೂಟಿ ಬದಲಿಸಿದರೆ ತೋಟದಲ್ಲಿದ್ದ ನನಗೆ ಅದು ಕಾಣುತ್ತಿತ್ತು. ಬೇಸಗೆಯಲ್ಲಿ ಇದಕ್ಕಿಂತ ಸುಖವಾದ ಏರ್ಪಾಡು ಬೇರೊಂದಿಲ್ಲ ಎನ್ನಿಸಿತ್ತು. ಜೂನ್ ಬಂದಿತು. ಮರ ಬಿದ್ದು ವಿದ್ಯುತ್ ತಂತಿ ತುಂಡಾಯಿತು, ಮೂರು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿಯೂ ಕೈಕೊಟ್ಟು ನೆಟ್‌ವರ್ಕ್ ನಿಂತುಹೋಗುವುದು ಈ ಕಡೆಯವರಿಗೆ ಹೊಸದಲ್ಲ. ಮೊಬೈಲನ್ನು ಜೀಪಿನಲ್ಲಿ ಚಾರ್ಜ್ ಮಾಡಿಕೊಂಡು ತೆರೆದರೆ ಕ್ಯಾಲೆಂಡರ್ ಕಾಣುತ್ತಿತ್ತು. ಆದರೆ ಅದು ಮೂರು ದಿನ ಹಿಂದಿನ ಕ್ಯಾಲೆಂಡರ್. ಅವಳು ಮಡಿಕೇರಿಯಲ್ಲಿ ಮಾಡಿದ ಬದಲಾವಣೆ ನೆಟ್‌ವರ್ಕ್ ಮರಳುವ ತನಕ ನನ್ನ ಮೊಬೈಲಿಗೆ ತಲುಪುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಏನೂ ಕಾಣದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ; ಹಳೆಯದು ಕಂಡದ್ದರಿಂದ ಅದನ್ನೇ ನಂಬಿ ಕುಳಿತೆ.

ಅದಕ್ಕಿಂತ ದೊಡ್ಡ ಕೊರತೆ ಅಮ್ಮನದು. ಅವರ ಬಳಿ ಗುಂಡಿಯೊತ್ತುವ ಹಳೆಯ ಫೋನಿದೆ. ಮಕ್ಕಳಿಗೆ ನಾವು ಫೋನ್ ಕೊಟ್ಟಿಲ್ಲ, ಕೊಡುವ ಉದ್ದೇಶವೂ ಸದ್ಯಕ್ಕಿಲ್ಲ. ಹಾಗಾಗಿ ಐವರ ಮನೆಯಲ್ಲಿ ಇಬ್ಬರಿಗೆ ಮಾತ್ರ ಕಾಣುವ ಪಟ್ಟಿ ಅದಾಗಿತ್ತು. ಉಳಿದ ಮೂವರು ದಿನಕ್ಕೆ ಹತ್ತು ಸಲ ನನ್ನನ್ನು ಕೇಳುತ್ತಿದ್ದರು. ಮನೆಯವರ ವಾಟ್ಸ್ಆ್ಯಪ್ ಗುಂಪಿನ ಮಾತು ಬೇಡ. ಶುಭೋದಯದ ಹೂಗಳ ಅಡಿಯಲ್ಲಿ ಸಂತೆಯ ಪಟ್ಟಿ ಹುಡುಕುವುದಕ್ಕಿಂತ ಸಂತೆಗೆ ಹೋಗಿ ನೆನಪಿಸಿಕೊಳ್ಳುವುದೇ ಬೇಗ.

ಹೀಗಾಗಿ ಬಿಳಿ ಹಲಗೆ ಬಂದಿತು. ಎರಡಡಿ ಅಗಲ, ಮೂರಡಿ ಉದ್ದ, ನಾಲ್ಕು ಬಣ್ಣದ ಮಾರ್ಕರ್, ಅಳಿಸಲು ಒಂದು ಡಸ್ಟರ್. ಮಗಳು ಅಳತೆಪಟ್ಟಿ ಹಿಡಿದು ವಾರದ ಏಳು ದಿನಗಳಿಗೆ ಏಳು ಅಂಕಣ ಎಳೆದಳು. ಅಮ್ಮನಿಗೆ ಹಸಿರು, ಮಕ್ಕಳಿಗೆ ನೀಲಿ, ಡ್ಯೂಟಿಗೆ ಕೆಂಪು, ತೋಟಕ್ಕೆ ಕಪ್ಪು. ಎಲ್ಲರಿಗೂ ಕಾಣಲೆಂದು ಅದನ್ನು ಮುಂಬಾಗಿಲಿನ ಒಳಗೋಡೆಗೆ ತಗುಲಿಹಾಕಿದೆವು. ಎಲ್ಲರಿಗೂ ಕಾಣುವ ಆ ಜಾಗದಲ್ಲೇ ಎಲ್ಲರ ರೈನ್‌ಕೋಟುಗಳೂ ನೇತಾಡುತ್ತವೆ ಎಂಬುದನ್ನು ಏಪ್ರಿಲ್ ತಿಂಗಳಲ್ಲಿ ಯೋಚಿಸುವವರಾರು?

ಜುಲೈಯ ಒಂದು ಮಂಗಳವಾರ ರಾತ್ರಿ ಹೆಂಡತಿ ಮರುದಿನದ ಅಂಕಣದಲ್ಲಿ, ತನ್ನ ಡ್ಯೂಟಿ ಮಧ್ಯಾಹ್ನಕ್ಕೆ ಬದಲಾಗಿದೆ, ಮಕ್ಕಳನ್ನು ನೀವೇ ಕರೆದುಕೊಳ್ಳಿ ಎಂದು ಬರೆದು ಮಲಗಿದ್ದಳು. ಅಮ್ಮ ಆ ವಾರ ವಿರಾಜಪೇಟೆಯ ತಂಗಿಯ ಮನೆಯಲ್ಲಿದ್ದರು. ಬೆಳಿಗ್ಗೆ ನಾನು ತೋಟದ ಕಡೆ ಹೋಗಿದ್ದಾಗ ಮಗ ಒದ್ದೆ ಆರದ ರೈನ್‌ಕೋಟನ್ನು ಮೊಳೆಯಿಂದ ಎಳೆದುಕೊಂಡಿದ್ದಾನೆ. ಅದರ ತೋಳು ಬುಧವಾರದ ಮೇಲೆ ಮೇಲಿನಿಂದ ಕೆಳಗಿನವರೆಗೆ ಸವರಿಕೊಂಡು ಹೋಗಿದೆ. ನಾನು ಬಂದು ನೋಡಿದಾಗ ಅಲ್ಲಿ ಉಳಿದದ್ದು ಒಂದು ಕೆಂಪು ಕಲೆ ಮತ್ತು ಕೊನೆಯ 'ಳ್ಳಿ' ಅಕ್ಷರ ಮಾತ್ರ. ಹಳ್ಳಿ, ಬಳ್ಳಿ, ಹುಳ್ಳಿ ಎಂದೆಲ್ಲ ಊಹಿಸಿ, ಸಂತೆಯ ಪಟ್ಟಿಗೆ ಹುರುಳಿ ಸೇರಿಸಿರಬೇಕೆಂದು ತೀರ್ಮಾನಿಸಿ, ಜೀಪ್ ರಿಪೇರಿಗೆಂದು ಕುಶಾಲನಗರಕ್ಕೆ ಹೋದೆ. ಮಕ್ಕಳು ನಾಲ್ಕೂವರೆಗೆ ಬಸ್ಸಿನಿಂದ ಇಳಿದು, ಬೀಗ ಹಾಕಿದ ಬಾಗಿಲು ಕಂಡು, ಪಕ್ಕದ ಮನೆಯ ಜಗಲಿಯಲ್ಲಿ ಆರೂವರೆಯವರೆಗೆ ಕುಳಿತಿದ್ದರು. ಪಕ್ಕದ ಮನೆಯವರು ಬಿಸಿ ಕಾಫಿ ಕೊಟ್ಟು ಕೂರಿಸಿಕೊಂಡದ್ದರಿಂದ ಮಗನಿಗೆ ಅದು ಹಬ್ಬವೇ ಆಗಿತ್ತು. ಮಗಳು ಮಾತ್ರ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಹಲಗೆಯನ್ನು ಅಡುಗೆಮನೆಗೆ ಸಾಗಿಸಿದೆವು. ಅಲ್ಲಿ ಒಲೆಯ ಹೊಗೆ, ಒಗ್ಗರಣೆಯ ಎಣ್ಣೆ ಸೇರಿ ವಾರದೊಳಗೆ ಹಲಗೆಯ ಮೇಲೆ ಒಂದು ಜಿಡ್ಡಿನ ಪದರ ಕಟ್ಟಿತು. ಬರೆದರೆ ಹಿಡಿಯದು, ಅಳಿಸಿದರೆ ಹೋಗದು, ಡಸ್ಟರ್ ಎಳೆದಲ್ಲೆಲ್ಲ ಬೂದುಬಣ್ಣ. ಸ್ಪಿರಿಟ್ ಹಾಕಿ ಒರೆಸಿದರೆ ಮಗಳು ಎಳೆದ ಅಂಕಣಗಳೂ ಹೋದವು. ಮಾರ್ಕರಿನ ಮುಚ್ಚಳ ಹಾಕದೆ ಬಿಡುವ ಮಗ, ತಿಂಗಳಿಗೆ ಎರಡು ಹೊಸ ಮಾರ್ಕರ್. ಒಮ್ಮೆ ಅವನು ಅಳಿಸಲಾಗದ ಮಾರ್ಕರಿನಲ್ಲಿ ಆನೆಯ ಚಿತ್ರವನ್ನೂ ಬರೆದ. (ಅಂಥ ಗೆರೆಗಳ ಮೇಲೆ ಬಿಳಿ ಹಲಗೆಯ ಮಾರ್ಕರಿನಿಂದಲೇ ಮತ್ತೊಮ್ಮೆ ಗೀಚಿ ಕೂಡಲೇ ಒರೆಸಿದರೆ ಎರಡೂ ಹೋಗುತ್ತವೆ, ಇದೊಂದು ವಿದ್ಯೆಯನ್ನು ಆ ಹಲಗೆ ನನಗೆ ಕಲಿಸಿತು.)

ಫ್ರಿಜ್ಜಿಗೆ ಅಂಟಿಸುವ ಹಳದಿ ಚೀಟಿಗಳು: ತೇವಕ್ಕೆ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ.

ಕ್ಯಾಲೆಂಡರಿನ ಸಲಹೆ ಅಮ್ಮನದು. ಸಲಹೆ ಎನ್ನುವುದೂ ತಪ್ಪು. ಅವರು ನಲವತ್ತು ವರ್ಷಗಳಿಂದ ಹಾಲಿನ ಲೆಕ್ಕವನ್ನು ಅದರಲ್ಲೇ ಬರೆಯುತ್ತಿದ್ದರು, ನಾವು ಗಮನಿಸಿರಲಿಲ್ಲ. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಚೌಕದಲ್ಲಿ ಅವರು 'ಮದ್ದು ಸೊಪ್ಪು' ಎಂದು ಬರೆದಿದ್ದರು. ಆ ದಿನ ಔಷಧವೆಂದು ತಿನ್ನುವ ಆ ಸೊಪ್ಪಿನ ನೇರಳೆ ಬಣ್ಣದ ಪಾಯಸ ನಮ್ಮ ಮನೆಯಲ್ಲಿ ಒಂದು ವರ್ಷವೂ ತಪ್ಪಿಲ್ಲ, ಮಕ್ಕಳ ಶಾಲಾ ಶುಲ್ಕದ ಕೊನೆಯ ದಿನ ಎರಡು ಸಲ ತಪ್ಪಿದೆ. ಅದನ್ನು ಕಂಡ ಮೇಲೆ ದೊಡ್ಡ ಚೌಕಗಳಿರುವ ಕ್ಯಾಲೆಂಡರೊಂದನ್ನು ತಂದು, ಹಾಲಿನ ಲೆಕ್ಕದ ಜೊತೆಗೆ ಉಳಿದದ್ದನ್ನೂ ಬರೆಯತೊಡಗಿದೆವು. ಡ್ಯೂಟಿಗೆ ಬೆ, ಮ, ರಾ ಎಂಬ ಒಂದೊಂದೇ ಅಕ್ಷರ. ಗ್ಯಾಸ್ ಬಂದ ದಿನಕ್ಕೆ ಒಂದು ತ್ರಿಕೋನ. ಮಳೆಯಿಂದಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸಿದ ದಿನಕ್ಕೆ ಮಗ ಕೊಡೆಯ ಚಿತ್ರ ಬರೆಯುತ್ತಾನೆ. ಆ ಕೊಡೆಗಳನ್ನು ಎಣಿಸಿದರೆ, ರಜೆಗಳನ್ನು ಸರಿದೂಗಿಸಲು ಮುಂದೆ ಎಷ್ಟು ಶನಿವಾರಗಳಂದು ಇಡೀ ದಿನ ತರಗತಿ ನಡೆಯಬಹುದೆಂಬ ಅಂದಾಜು ಸಿಗುತ್ತದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ದಿನವನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿ ಮಾಡಿದ ಮೇಲೆ ಅಮ್ಮ ತಾವೇ ಬರೆಯುತ್ತಾರೆ.

ಒಂದು ಎಚ್ಚರಿಕೆ ಬೇಕು. ಆರಂಭದಲ್ಲಿ ಬಾಲ್‌ಪೆನ್ ಕಟ್ಟಿದ್ದೆವು. ಗೋಡೆಗೆ ತಾಗಿಸಿ ಬರೆಯುವಾಗ ಪೆನ್ನಿನ ಮೂತಿ ಮೇಲಾಗುವುದರಿಂದ ಶಾಯಿ ತುದಿಗೆ ಇಳಿಯುವುದಿಲ್ಲ. ತೇವ ಕುಡಿದ ಕಾಗದದ ಮೇಲಂತೂ ಗೆರೆಯೇ ಮೂಡದೆ ಹಾಳೆ ಹರಿಯಿತು. ಪೆನ್ಸಿಲಿಗೆ ಈ ತಾಪತ್ರಯವಿಲ್ಲ. ಡ್ಯೂಟಿ ಬದಲಾದರೆ ಅಳಿಸಿ ಬರೆಯಬಹುದು, ಅಳಿಸಿದ ಗುರುತು ಮಸುಕಾಗಿ ಉಳಿಯುವುದರಿಂದ ಏನೋ ಬದಲಾಗಿದೆಯೆಂಬುದೂ ತಿಳಿಯುತ್ತದೆ. ರೈನ್‌ಕೋಟು ಸವರಿದರೂ ಹೋಗುವುದಿಲ್ಲ, ಪರೀಕ್ಷಿಸಿ ನೋಡಿದ್ದೇನೆ.

ಆದರೆ ಬರೆದರಷ್ಟೇ ಸಾಲದು, ಓದಬೇಕು. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಇದಕ್ಕೇ ಮೀಸಲು. ಮಗಳು ನಾಳೆಯ ಚೌಕವನ್ನು ಗಟ್ಟಿಯಾಗಿ ಓದುತ್ತಾಳೆ. ಮಗ ಎರಡು ಚೀಲಗಳನ್ನು ತಂದು ಬಾಗಿಲ ಬಳಿ ಇಡುತ್ತಾನೆ. ನಾನು ಒಲೆಯ ಮೇಲಿನ ಹಗ್ಗದಲ್ಲಿ ಆರಿದ ಕಾಲುಚೀಲಗಳನ್ನು ಮುಟ್ಟಿ ನೋಡಿ, ಜೊತೆ ಮಾಡಿ ಶೂಗಳೊಳಗೆ ತುರುಕುತ್ತೇನೆ. ಬೆಳಿಗ್ಗೆ ಬೇಗ ಎದ್ದು ಇದನ್ನೆಲ್ಲ ಮಾಡುವ ಪ್ರಯೋಗವೂ ನಡೆದಿತ್ತು, ನಾಲ್ಕನೆಯ ದಿನಕ್ಕೆ ನಿಂತಿತು. ಮೂಲೆಯಲ್ಲಿ ಬೂಷ್ಟು ಹಿಡಿದ ಒಂದು ಕಾಲುಚೀಲವನ್ನು ಏಳೂಕಾಲು ಗಂಟೆಗೆ ಕೈಯಲ್ಲಿ ಹಿಡಿದು ನಿಂತವರಿಗೆ ರಾತ್ರಿಯ ಹತ್ತು ನಿಮಿಷದ ಬೆಲೆ ಗೊತ್ತಿರುತ್ತದೆ.

ಕ್ಯಾಲೆಂಡರಿಗೆ ಕರೆಯುವ ಬಾಯಿಲ್ಲ, ವರ್ಷದಾಚೆಗೆ ಕಣ್ಣೂ ಇಲ್ಲ. ಮಗಳಿಗೆ 10ನೇ ವಯಸ್ಸಿನ ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ) ಚುಚ್ಚುಮದ್ದು ಹಾಕಿಸಿ ಆಗಿದೆ. 16ನೇ ವಯಸ್ಸಿನಲ್ಲಿ ಹಾಕಿಸಬೇಕಾದ ಮುಂದಿನದನ್ನು ಈ ವರ್ಷದ ಹಾಳೆಯಲ್ಲಿ ಎಲ್ಲಿ ಬರೆಯಲಿ? ಅಂಥವು, ವಾಹನದ ವಿಮೆ, ವಿದ್ಯುತ್ ಬಿಲ್ಲಿನ ಕೊನೆಯ ದಿನ, ಇವನ್ನೆಲ್ಲ ಮೊಬೈಲಿಗೇ ಬಿಟ್ಟಿದ್ದೇನೆ. ಡ್ಯೂಟಿ ಹಠಾತ್ತಾಗಿ ಬದಲಾದರೆ ಹೆಂಡತಿ ಅಮ್ಮನ ಹಳೆಯ ಫೋನಿಗೆ ಕರೆ ಮಾಡುತ್ತಾಳೆ, ಅಮ್ಮ ಅಳಿಸಿ ಬರೆಯುತ್ತಾರೆ. ನೆಟ್‌ವರ್ಕ್ ಇಲ್ಲದ ದಿನ ಅದೂ ಆಗದು, ಆದ್ದರಿಂದ ಮಳೆಗಾಲದಲ್ಲಿ ಬೀಗದ ಕೈಯೊಂದು ಪಕ್ಕದ ಮನೆಯಲ್ಲೇ ಇರುತ್ತದೆ.

ಗಂಡ ಹೆಂಡತಿ ಇಬ್ಬರೂ ಕಚೇರಿಯಲ್ಲಿದ್ದು, ಮನೆಯಲ್ಲಿ ಹಿರಿಯರಿಲ್ಲದೆ, ಪೇಟೆಯೊಳಗೆ ವಾಸವಿರುವವರಿಗೆ ಮೊಬೈಲೇ ಸರಿಹೋಗಬಹುದು. ಹೊಗೆಯೂ ರೈನ್‌ಕೋಟೂ ತಾಗದ ಗೋಡೆಯೊಂದು ಇದ್ದರೆ ಹಲಗೆಯೂ ಆದೀತು. ನಮ್ಮ ಮನೆಯಲ್ಲಿ ಅಂಥ ಗೋಡೆ ಸಿಕ್ಕಲಿಲ್ಲ. 900 ರೂಪಾಯಿಯ ಆ ಹಲಗೆ ಈಗ ಕಣದ ಶೆಡ್ಡಿನಲ್ಲಿದೆ. ಜನವರಿಯಲ್ಲಿ ರೊಬಸ್ಟಾ ಕೊಯ್ಲು ಶುರುವಾದಾಗ ಯಾರು ಎಷ್ಟು ಕಿಲೋ ಕೊಯ್ದರೆಂದು ಅದರ ಮೇಲೆ ಬರೆಯುತ್ತೇವೆ, ಮೊದಲ ಮಳೆ ಬಿದ್ದೊಡನೆ ಅಟ್ಟಕ್ಕೆ ಏರಿಸುತ್ತೇವೆ.