ರೀಲ್ಸ್, ವಾಟ್ಸಾಪ್, ಮ್ಯಾಪ್, ಬ್ಲಾಗ್: ಗಿರಾಕಿ ಬಂದಿದ್ದು ಎಲ್ಲಿಂದ?

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದೊಂದು ಕೈತೋಟದ ಸಾಮಾನಿನ ಅಂಗಡಿ ಇದೆ. ಕುಂಡ, ಗ್ರೋ ಬ್ಯಾಗ್, ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬೇವಿನ ಹಿಂಡಿ, ತರಕಾರಿ ಬೀಜ, ಜೊತೆಗೆ ಒಂದಿಷ್ಟು ಸಸಿ. ಇಂಥ ಅಂಗಡಿಗೆ ಆನ್‌ಲೈನ್ ಪ್ರಚಾರ ಹೇಗೆ ಮಾಡಬೇಕು ಅಂತ ಯಾರನ್ನು ಕೇಳಿದರೂ ಉತ್ತರ ಒಂದೇ: "ಇನ್‌ಸ್ಟಾಗ್ರಾಮ್ ಮಾಡಿ ಸಾರ್, ಬ್ಲಾಗ್ ಎಲ್ಲಾ ಈಗ ಯಾರು ಓದ್ತಾರೆ?" ನಾವು ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ವಾಟ್ಸಾಪ್ ಬಿಸಿನೆಸ್, ಗೂಗಲ್ ಮ್ಯಾಪ್‌ನ ಅಂಗಡಿ ಪುಟ, ಕನ್ನಡ ಬ್ಲಾಗ್, ಎಲ್ಲವನ್ನೂ ಒಟ್ಟಿಗೆ ನಡೆಸಿ ನೋಡಿದ್ದೇವೆ. ನೋಡುವವರು ಜಾಸ್ತಿ ಇರುವ ಕಡೆ ಕೊಳ್ಳುವವರೂ ಜಾಸ್ತಿ ಅನ್ನುವ ಮಾತು ನಮ್ಮ ಅಂಗಡಿ ಮಟ್ಟಿಗೆ ನಿಜ ಆಗಲಿಲ್ಲ. ಐದರಲ್ಲಿ ಅತಿ ಕಡಿಮೆ ಜನ ನೋಡುವ ಬ್ಲಾಗೇ ಅತಿ ದೊಡ್ಡ ಬಿಲ್ ತರುತ್ತಿದೆ.

ಲೆಕ್ಕ ಹೇಗೆ ಇಟ್ಟೆವು ಅಂತ ಮೊದಲು ಹೇಳಬೇಕು, ಇಲ್ಲದಿದ್ದರೆ ಇದು ಬರೀ ಬಾಯಿಮಾತು. ಒಂದೊಂದು ಕಡೆಗೆ ಒಂದೊಂದು ಹೂವಿನ ಹೆಸರು ಕೊಟ್ಟೆವು. ರೀಲ್ಸ್ ನೋಡಿ ಬಂದವರು "ಸಂಪಿಗೆ" ಅನ್ನಬೇಕು, ಬ್ಲಾಗ್ ಓದಿದವರು "ದಾಸವಾಳ", ಫೇಸ್‌ಬುಕ್ಕಿನವರು "ಕನಕಾಂಬರ". ಹೆಸರು ಹೇಳಿದವರಿಗೆ ಒಂದು ಪೊಟ್ಟಣ ಮೆಂತ್ಯದ ಬೀಜ ಫ್ರೀ. ಹೇಳದವರನ್ನು ಬಿಲ್ ಹಾಕುವಾಗ ನಾವೇ "ಎಲ್ಲಿ ನೋಡಿ ಬಂದ್ರಿ?" ಅಂತ ಕೇಳಿ ಬಿಲ್ ಪುಸ್ತಕದ ಮೂಲೆಯಲ್ಲಿ ಬರೆದುಕೊಳ್ಳುತ್ತೇವೆ. ಮ್ಯಾಪ್‌ಗೆ ಈ ಉಪಾಯ ಬೇಕಿಲ್ಲ, ಎಷ್ಟು ಜನ ಫೋನ್ ಮಾಡಿದರು, ಎಷ್ಟು ಜನ ದಾರಿ ಹುಡುಕಿದರು ಅಂತ ಗೂಗಲ್ಲೇ ತೋರಿಸುತ್ತದೆ. ಈ ಲೆಕ್ಕದಲ್ಲಿ ಒಂದು ತೂತಿದೆ, ಅದೂ ಗೊತ್ತಿರಲಿ. ರೀಲ್ಸ್ ನೋಡಿ ಅಂಗಡಿ ಹೆಸರು ನೆನಪಿಟ್ಟುಕೊಂಡು, ಎಷ್ಟೋ ದಿನ ಬಿಟ್ಟು ಆ ಹೆಸರು ಹುಡುಕಿ, ಮ್ಯಾಪ್ ಹಿಡಿದು ಬಂದವರು "ಗೂಗಲ್ ನೋಡಿ ಬಂದೆ" ಅಂತಲೇ ಹೇಳುತ್ತಾರೆ, ಅಲ್ವಾ? ಹಾಗಾಗಿ ರೀಲ್ಸ್‌ಗೆ ಸಲ್ಲಬೇಕಾದ್ದು ಸ್ವಲ್ಪ ಮ್ಯಾಪ್ ಖಾತೆಗೆ ಹೋಗಿರುತ್ತದೆ.

ಹೋಲಿಕೆ ನ್ಯಾಯವಾಗಿರಲಿ ಅಂತ ಒಂದೇ ವಿಷಯವನ್ನು ಎಲ್ಲ ಕಡೆ ಹಾಕಿದೆವು: ಚಳಿಗಾಲದಲ್ಲಿ ಕರಿಬೇವು ಯಾಕೆ ಎಲೆ ಉದುರಿಸುತ್ತದೆ? ಬೆಂಗಳೂರಿನ ಡಿಸೆಂಬರ್, ಜನವರಿ ಚಳಿಗೆ ಕುಂಡದ ಕರಿಬೇವು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಗಿಡ ಸತ್ತಿರುವುದಿಲ್ಲ. ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ, ಬಿಸಿಲು ಬೀಳುವ ಕಡೆ ಇಟ್ಟು ಕಾದರೆ ಸೆಕೆ ಶುರುವಾಗುತ್ತಿದ್ದಂತೆ ಚಿಗುರುತ್ತದೆ. ಜನ ಗಾಬರಿಬಿದ್ದು ದಿನಾ ನೀರು ಸುರಿದು ಬೇರು ಕೊಳೆಸುತ್ತಾರೆ.

ರೀಲ್ಸ್‌ನಲ್ಲಿ ಇದು ಚೆನ್ನಾಗಿ ಓಡಿತು. ಶೂಟ್ ಮಾಡಿದ್ದು ನಮ್ಮ ಅಕ್ಕನ ಮಗಳು, ಒಂದು ಭಾನುವಾರದ ಅರ್ಧ ದಿನ ಅದಕ್ಕೇ ಹೋಯಿತು. ಸಾವಿರಾರು ಜನ ನೋಡಿದರು. ಕಾಮೆಂಟಿನಲ್ಲಿ ಹುಬ್ಬಳ್ಳಿಯವರು, ಶಿವಮೊಗ್ಗದವರು, ದುಬೈನಲ್ಲಿ ಕೂತಿರುವ ಮಂಗಳೂರಿನವರು. ಸಂತೋಷವೇ. ಆದರೆ ನಾವು ಮಾರುವುದು ಮಣ್ಣು, ಗೊಬ್ಬರ, ಕುಂಡ. ಐದು ಕೆಜಿ ಎರೆಗೊಬ್ಬರವನ್ನು ಹುಬ್ಬಳ್ಳಿಗೆ ಕಳಿಸಿದರೆ ಗೊಬ್ಬರಕ್ಕಿಂತ ಕೊರಿಯರ್‌ದೇ ಭಾರ. ಮಣ್ಣಿನ ಕುಂಡ ಒಡೆಯದೆ ತಲುಪುವ ಮಾತು ದೂರ ಉಳಿಯಿತು. ನಮಗೆ ಬೇಕಾದವರು ಅತ್ತಿಗುಪ್ಪೆ, ಚಂದ್ರಾ ಲೇಔಟ್, ನಾಗರಬಾವಿಯವರು, ಹೆಚ್ಚೆಂದರೆ ರಾಜಾಜಿನಗರ, ಕೆಂಗೇರಿ. ದುಡ್ಡು ಕೊಡದೆ ಹಾಕಿದ ರೀಲ್ಸ್ ಯಾರ ಫೋನಿಗೆ ಹೋಗಬೇಕು ಅಂತ ನಿರ್ಧರಿಸುವುದು ನಾವಲ್ಲ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಅಷ್ಟೊಂದು ಜನ ಹೋಗುತ್ತಾರೆ, ಗಾಜಿನ ಮನೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಅವರಲ್ಲಿ ಮನೆಗೆ ಬಂದು ಕುಂಡಕ್ಕೆ ಮಣ್ಣು ತುಂಬುವವರು ಎಷ್ಟು? ರೀಲ್ಸ್ ನೋಡುವವರೂ ಹಾಗೇ.

ಇನ್ನೊಂದು ವಿಷಯ ನಮಗೆ ನಿಧಾನಕ್ಕೆ ಅರ್ಥವಾಯಿತು. ಇನ್‌ಸ್ಟಾಗ್ರಾಮ್‌ನಿಂದ ಬರುವವರು ಹೆಚ್ಚಾಗಿ ಬಾಡಿಗೆ ಮನೆಯ ಹುಡುಗರು, ಹುಡುಗಿಯರು. ಅವರಿಗಿರುವುದು ಒಂದು ಪುಟ್ಟ ಬಾಲ್ಕನಿ. ಒಂದು ಮನಿ ಪ್ಲಾಂಟ್, ಒಂದು ಚೆಂದದ ಬಿಳಿ ಕುಂಡ ತೆಗೆದುಕೊಂಡು ಹೋಗುತ್ತಾರೆ. ತಾರಸಿ ಇರುವವರು ಸ್ವಂತ ಮನೆಯವರು, ಐವತ್ತು ದಾಟಿದವರು, ಹಲವರು ರಿಟೈರ್ ಆದವರು. ಅವರು ಬೆಳಿಗ್ಗೆ ಎದ್ದು ನೋಡುವುದು ವಾಟ್ಸಾಪ್ ಮತ್ತು ಫೇಸ್‌ಬುಕ್. "ಫೇಸ್‌ಬುಕ್ ಮುದುಕರದ್ದು" ಅಂತ ನಗುತ್ತಾರಲ್ಲ, ತಾರಸಿ ಇರುವುದೂ ಆ ಮುದುಕರ ಹತ್ತಿರವೇ ಸ್ವಾಮಿ.

ಫೇಸ್‌ಬುಕ್ಕಿನಲ್ಲಿ ನಮ್ಮ ಅಂಗಡಿ ಪೇಜಿನಿಂದ ಏನೂ ಆಗಲಿಲ್ಲ. ಕೆಲಸ ಆಗಿದ್ದು ತಾರಸಿ ತೋಟದ ಗುಂಪುಗಳಲ್ಲಿ. ಅಲ್ಲಿ ಅಂಗಡಿ ಪ್ರಚಾರ ಮಾಡಿದರೆ ತೆಗೆದುಹಾಕುತ್ತಾರೆ, ಅದು ಸರಿಯೂ ಹೌದು. ಆದರೆ ಯಾರೋ ಎಲೆ ಮುದುರಿದ ಟೊಮೆಟೊ ಗಿಡದ ಫೋಟೋ ಹಾಕಿ ಕೇಳಿದಾಗ ನೆಟ್ಟಗೆ ಉತ್ತರ ಬರೆದರೆ ಅವರು ನಿಮ್ಮ ಹೆಸರು ಒತ್ತಿ ನೋಡುತ್ತಾರೆ, ಅಂಗಡಿ ಕಾಣುತ್ತದೆ, ಬರುತ್ತಾರೆ. ಖರ್ಚಿಲ್ಲ, ಆದರೆ ದಿನಾ ಗಮನ ಬೇಕು.

ದುಡ್ಡು ಕೊಟ್ಟು ಹಾಕುವ ಜಾಹೀರಾತಿನಲ್ಲಿ ಅಂಗಡಿ ಸುತ್ತ ಇಷ್ಟು ಕಿಲೋಮೀಟರ್ ಅಂತ ಗುರುತು ಮಾಡಬಹುದು, ಇದೊಂದು ಅನುಕೂಲ. ಬಿಲ್ ಮೇಲೆ 18% ಜಿಎಸ್‌ಟಿ ಸೇರುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ಹಾಕಿದೆವು. "ಹಾಯ್." "ಪ್ರೈಸ್?" ರೇಟು ಹೇಳಿದ ಮೇಲೆ ಮೌನ. ದಿನವಿಡೀ ಉತ್ತರ ಕೊಡಲು ಒಬ್ಬರು ಕೂರಬೇಕಾಯಿತು. ಮಳೆಗಾಲದ ಶುರುವಿನಲ್ಲಿ ಬೀಜ, ಗ್ರೋ ಬ್ಯಾಗ್ ಸೇರಿಸಿ ಒಂದು ಕಿಟ್ ಮಾಡಿ, ಬೆಲೆಯನ್ನು ಚಿತ್ರದಲ್ಲೇ ದೊಡ್ಡದಾಗಿ ಬರೆದಾಗ ಮಾತ್ರ ಜಾಹೀರಾತಿನ ದುಡ್ಡು ವಾಪಸ್ ಬಂತು.

ವಾಟ್ಸಾಪ್ ಬಿಸಿನೆಸ್ 2018ರಲ್ಲಿ ಬಂದ ಆ್ಯಪ್, ಫ್ರೀ. ಸರಕಿನ ಕ್ಯಾಟಲಾಗ್ ಇಡಬಹುದು, ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಮೆಸೇಜನ್ನು ಎಲ್ಲರಿಗೂ ಒಟ್ಟಿಗೆ ಕಳಿಸುವ ಪಟ್ಟಿ) 256 ಜನ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಈ ಕಟ್ಟುಪಾಡು ನನಗೆ ಇಷ್ಟ. ನಂಬರ್ ಸೇವ್ ಮಾಡಿಕೊಂಡವರು ಅಂದರೆ ಬೇಕು ಅಂದವರು. "ಸೇವಂತಿಗೆ ಸಸಿ ಬಂದಿದೆ" ಅಂತ ಬೆಳಿಗ್ಗೆ ಹಾಕಿದರೆ ಸಂಜೆಯೊಳಗೆ ಖಾಲಿಯಾಗುತ್ತದೆ. ಮಾರಾಟಕ್ಕೆ ಇದಕ್ಕಿಂತ ಚುರುಕಾದದ್ದು ಐದರಲ್ಲಿ ಬೇರೆ ಇಲ್ಲ. ಆದರೆ ಹೊಸಬರನ್ನು ತರುವುದು ಅಪರೂಪ, ಯಾರಾದರೂ ತಮ್ಮ ಬೀದಿಯ ಗುಂಪಿಗೆ ಕಳಿಸಿದರೆ ಉಂಟು. ದಿನಾ "ಶುಭೋದಯ" ಕಳಿಸುವ ಅಂಗಡಿಗಳನ್ನು ಕಂಡಿದ್ದೇನೆ, ಅವರನ್ನು ಜನ ಬ್ಲಾಕ್ ಮಾಡುವುದನ್ನೂ ಕಂಡಿದ್ದೇನೆ.

ಮ್ಯಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾಡಲೇಬೇಕು, ಅಷ್ಟೆ. ಮುಂಚೆ ಗೂಗಲ್ ಮೈ ಬಿಸಿನೆಸ್ ಅಂತಿತ್ತು, 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್. ಅಂಗಡಿ ನಿಮ್ಮದೇ ಅಂತ ಖಚಿತ ಮಾಡಿಕೊಳ್ಳಲು ಗೂಗಲ್‌ನವರು ಬೋರ್ಡು, ಬೀದಿ, ಒಳಗಿನ ಸರಕು ತೋರಿಸುವ ವಿಡಿಯೋ ಕೇಳಬಹುದು, ಕೊಟ್ಟರಾಯಿತು. ತಲೆ ಎಣಿಸಿದರೆ ನಮಗೆ ಅತಿ ಹೆಚ್ಚು ಹೊಸ ಗಿರಾಕಿ ಬರುವುದು ಇಲ್ಲಿಂದಲೇ. ಆದರೆ ಅವರ ಬಿಲ್ ಚಿಕ್ಕದು, ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ನೋಡಿ ಒಂದು ಚೀಲ ಗೊಬ್ಬರ ಒಯ್ಯುವವರು. ಹಬ್ಬದ ದಿನ ಅಂಗಡಿ ಮುಚ್ಚಿದ್ದರೆ ಪುಟದಲ್ಲಿ ಬದಲಿಸಿ. ಬಿಸಿಲಲ್ಲಿ ಬಂದು ಬಾಗಿಲು ನೋಡಿ ಹೋದವರು ಒಂದು ಸ್ಟಾರ್ ಕೊಟ್ಟೇ ಕೊಡುತ್ತಾರೆ.

ಈಗ ಬ್ಲಾಗ್. ಖರ್ಚು ಕಡಿಮೆ: ಡೊಮೈನ್ ಹೆಸರಿಗೆ, ಅಂದರೆ ಬ್ಲಾಗಿನ ಸ್ವಂತ ವಿಳಾಸಕ್ಕೆ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು, ಬರಹ ಇಡುವ ಜಾಗದ ಬಾಡಿಗೆ (ಹೋಸ್ಟಿಂಗ್) ಬೇರೆ. ಅದೂ ಬೇಡ ಅಂದರೆ ಗೂಗಲ್‌ನ ಬ್ಲಾಗರ್ ಪೂರ್ತಿ ಫ್ರೀ. ಮೊದಲ ತಿಂಗಳುಗಳಲ್ಲಿ ಯಾರೂ ಬರಲಿಲ್ಲ. ಇದಕ್ಕೆ ತಯಾರಿರಬೇಕು. ಕರಿಬೇವಿನ ಬರಹವನ್ನು ಮೊದಲ ಚಳಿಗಾಲದಲ್ಲಿ ಓದಿದವರು ಬೆರಳೆಣಿಕೆಯಷ್ಟು. ಮರುವರ್ಷ ಚಳಿ ಬಿದ್ದ ಕೂಡಲೇ ಅದೇ ಬರಹಕ್ಕೆ ಜನ ಬರತೊಡಗಿದರು. ನಾವು ಒಂದಕ್ಷರ ಮುಟ್ಟಿರಲಿಲ್ಲ. ರೀಲ್ಸ್ ಎರಡು ಮೂರು ದಿನದಲ್ಲಿ ತಣ್ಣಗಾಗಿತ್ತು, ಮರುವರ್ಷ ಅದನ್ನು ಯಾರೂ ಹುಡುಕಲಿಲ್ಲ.

ಜನ ಏನು ಹುಡುಕಿ ಬರುತ್ತಾರೆ ಅಂತ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಕಾಣುತ್ತದೆ, ಅದೂ ಫ್ರೀ. ನೋಡಿದರೆ ನಗು ಬರುತ್ತದೆ, ಕಲಿಯಲೂ ಸಿಗುತ್ತದೆ. ಕನ್ನಡ ಅಕ್ಷರದಲ್ಲಿ ಟೈಪ್ ಮಾಡುವವರು ಇದ್ದಾರೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ತೋಚಿದಂತೆ ಬರೆಯುವವರು ಇನ್ನೂ ಜಾಸ್ತಿ. "ದಾಸವಾಳ ಗಿಡಕ್ಕೆ ಬಿಳಿ ಹುಳ ಆಗಿದೆ ಏನು ಮಾಡೋದು" ಅಂತ ಉದ್ದಕ್ಕೆ ಬಂದಿದ್ದರೆ ಫೋನಿಗೆ ಮಾತಾಡಿ ಹುಡುಕಿದ್ದಾರೆ ಅಂತ ಲೆಕ್ಕ. ಹಾಗಾಗಿ ನಾನು ತಲೆಬರಹಕ್ಕೆ "ಹಿಟ್ಟು ತಿಗಣೆ ನಿರ್ವಹಣೆ" ಅಂತ ಇಡುವುದಿಲ್ಲ, ಜನ ಕೇಳುವ ಹಾಗೇ ಇಡುತ್ತೇನೆ. ಕನ್ನಡದಲ್ಲಿ ಹುಡುಕುವವರು ಇಂಗ್ಲಿಷಿಗಿಂತ ಕಡಿಮೆ, ನಿಜ, ಆದರೆ ಬೆಂಗಳೂರಿನ ಹವೆಗೆ ತಕ್ಕಂತೆ ಕನ್ನಡದಲ್ಲಿ ಬರೆದವರು ಅದಕ್ಕಿಂತ ಕಡಿಮೆ, ಆ ಜಾಗ ಖಾಲಿ ಇತ್ತು.

ದೊಡ್ಡ ಬಿಲ್ ತಂದ ಬರಹ ಕರಿಬೇವಿನದ್ದಲ್ಲ. "30x40 ಮನೆಯ ತಾರಸಿಯಲ್ಲಿ ತರಕಾರಿ ತೋಟಕ್ಕೆ ಎಷ್ಟು ಖರ್ಚಾಗುತ್ತದೆ" ಅನ್ನುವುದು. ಅದರಲ್ಲಿ ಕುಂಡ ಎಷ್ಟು ಬೇಕು, ಮಣ್ಣು, ಕೋಕೋಪೀಟ್, ಎರೆಗೊಬ್ಬರ ಯಾವ ಪಾಲಿನಲ್ಲಿ ಬೆರೆಸಬೇಕು, ತಾರಸಿಗೆ ವಾಟರ್‌ಪ್ರೂಫಿಂಗ್ ಮೊದಲೇ ಯಾಕೆ ಮಾಡಿಸಬೇಕು, ತೂಕ ತೊಲೆ ಇರುವ ಕಡೆ ಯಾಕೆ ಬೀಳಬೇಕು, ಎಲ್ಲ ಬರೆದು ನಮ್ಮ ರೇಟನ್ನೂ ಬಿಚ್ಚಿಟ್ಟೆವು. ರೇಟು ಹಾಕಬೇಡಿ, ಪಕ್ಕದ ಅಂಗಡಿಯವರು ಹತ್ತು ರೂಪಾಯಿ ಇಳಿಸುತ್ತಾರೆ ಅಂತ ಎಲ್ಲರೂ ಹೆದರಿಸಿದರು. ಇಳಿಸಿದರೂ ಇಳಿಸಿರಬಹುದು. ಅಷ್ಟುದ್ದದ ಬರಹವನ್ನು ಕೊನೆತನಕ ಓದಿದವರು ಆಗಲೇ ತೋಟ ಮಾಡಲು ತೀರ್ಮಾನಿಸಿರುತ್ತಾರೆ. ಒಬ್ಬರು ಯಜಮಾನರು ಅದನ್ನು ಪ್ರಿಂಟ್ ತೆಗೆಸಿ, ಬೇಕಾದ್ದಕ್ಕೆಲ್ಲ ಗೆರೆ ಎಳೆದುಕೊಂಡು ಬಂದಿದ್ದರು. "ಇದರಲ್ಲಿರೋದೆಲ್ಲ ಲಗೇಜ್ ಆಟೋಗೆ ಹಾಕಿಸಿಬಿಡಿ" ಅಂದರು. ಚೌಕಾಸಿ ಇಲ್ಲ, ಪ್ರಶ್ನೆ ಇಲ್ಲ. ಇಂಥವರು ತಿಂಗಳಿಗೆ ಕೆಲವೇ ಜನ ಬಂದರೂ ರೀಲ್ಸ್‌ನಿಂದ ಬಂದ ಅಷ್ಟೂ ಬಿಳಿ ಕುಂಡದ ವ್ಯಾಪಾರವನ್ನು ಮೀರಿಸುತ್ತಾರೆ.

ಬ್ಲಾಗಿಗೂ ಈಗ ಏಟು ಬೀಳುತ್ತಿದೆ. ಗೂಗಲ್ 2024ರಿಂದ ನಮ್ಮ ದೇಶದಲ್ಲೂ ಹುಡುಕಾಟದ ತಲೆಯ ಮೇಲೆ ಎಐ ಉತ್ತರ ತೋರಿಸತೊಡಗಿದೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು, ಸಂಜೆ ಹೊತ್ತು ಸಿಂಪಡಿಸಿ: ಇಷ್ಟು ಅಲ್ಲೇ ಸಿಕ್ಕರೆ ನಮ್ಮ ಪುಟ ಯಾಕೆ ತೆರೆಯುತ್ತಾರೆ? ಒಂದು ಸಾಲಿನ ಉತ್ತರ ಇರುವ ವಿಷಯ ಬರೆಯುವುದನ್ನು ಅದಕ್ಕೇ ನಿಲ್ಲಿಸಿದೆವು. ಬೆಂಗಳೂರಿನ ರೇಟು, ನಮ್ಮ ತಾರಸಿಯ ಫೋಟೋ, ಯಾವ ತಳಿ ಇಲ್ಲಿ ಕೈಕೊಟ್ಟಿತು ಅನ್ನುವಂಥದ್ದನ್ನು ಬರೆಯುತ್ತೇವೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಂದೇ ಕಂಪನಿಯವು ಅನ್ನುವುದನ್ನೂ ಮರೆಯಬಾರದು. 2021ರ ಅಕ್ಟೋಬರ್ 4ರ ರಾತ್ರಿ ಮೂರೂ ಒಟ್ಟಿಗೆ ಗಂಟೆಗಟ್ಟಲೆ ನಿಂತಿದ್ದವು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಫಾಲೋವರ್ಸ್ ರಾತ್ರೋರಾತ್ರಿ ಇಲ್ಲವಾದರು. ಸ್ವಂತ ಡೊಮೈನಿನ ಬರಹಕ್ಕೆ ಆ ಭಯ ಕಡಿಮೆ.

ಇಷ್ಟೆಲ್ಲ ಓದಿ ಎಲ್ಲರೂ ಬ್ಲಾಗ್ ಶುರು ಮಾಡಬೇಕಿಲ್ಲ. ಮಲ್ಲೇಶ್ವರದಲ್ಲಿ ನಮ್ಮ ಪರಿಚಯದವರೊಬ್ಬರು ಬ್ಲೌಸ್‌ಗೆ ಆರಿ ವರ್ಕ್ ಮಾಡುತ್ತಾರೆ. ಅವರಿಗೆ ಬ್ಲಾಗ್ ದಂಡ, ಇನ್‌ಸ್ಟಾಗ್ರಾಮೇ ಅಂಗಡಿ. ಕಣ್ಣು ನೋಡಿ ಒಪ್ಪುವ ಸರಕು, ಬ್ಲೌಸ್ ಪೀಸ್ ಹಗುರ, ಅಮೆರಿಕಕ್ಕೂ ಹೋಗುತ್ತದೆ. ಕೇಕ್ ಮಾಡುವವರಿಗೂ ಹಾಗೇ. ಕೊಳ್ಳುವ ಮುಂಚೆ ತಲೆಯಲ್ಲಿ ಹತ್ತು ಪ್ರಶ್ನೆ ಏಳುವ ಸರಕಾದರೆ ಬರೆಯಿರಿ: ಸೋಲಾರ್, ನೀರಿನ ಫಿಲ್ಟರ್, ಬೋರ್‌ವೆಲ್ ಮೋಟಾರ್ ರಿಪೇರಿ, ಮಳೆನೀರು ಕೊಯ್ಲು.

ತಿಂಗಳಿಗೆ ಇಷ್ಟು ಪೋಸ್ಟ್ ಅಂತ ಪ್ಯಾಕೇಜ್ ಮಾರುವ ಏಜೆನ್ಸಿಗಳು ವಾರಕ್ಕೊಮ್ಮೆ ಫೋನ್ ಮಾಡುತ್ತವೆ. ಅರ್ಧ ಪೋಸ್ಟು ಹಬ್ಬದ ಶುಭಾಶಯ, ಮೂಲೆಯಲ್ಲಿ ನಮ್ಮ ಲೋಗೋ. ಯುಗಾದಿ ಶುಭಾಶಯ ನೋಡಿ ಬೇವಿನ ಹಿಂಡಿ ಕೊಂಡವರನ್ನು ನಾನಿನ್ನೂ ಕಾಣಬೇಕು. ಆ ದುಡ್ಡಿನಲ್ಲಿ ಈಗ ಅಕ್ಕನ ಮಗಳಿಗೆ ಸಂಬಳ ಕೊಟ್ಟು ವಾರಕ್ಕೆ ಎರಡು ಸಂಜೆ ಬರೆಸುತ್ತೇವೆ. ಕಾಲೇಜು ಹುಡುಗಿ, ಕನ್ನಡ ಚೆನ್ನಾಗಿದೆ, ಗಿರಾಕಿಗಳು ಕೇಳುವುದನ್ನೆಲ್ಲ ಗಲ್ಲಾಪೆಟ್ಟಿಗೆ ಹತ್ತಿರ ಕೂತೇ ಗುರುತು ಹಾಕಿಕೊಳ್ಳುತ್ತಾಳೆ. ರೀಲ್ಸ್ ನಿಲ್ಲಿಸಿಲ್ಲ, ಜೂನ್ ಮಳೆ ಹೊತ್ತಿಗೆ ಮತ್ತು ಲಾಲ್‌ಬಾಗ್ ಪ್ರದರ್ಶನ ನಡೆಯುವ ಜನವರಿ, ಆಗಸ್ಟ್ ವಾರಗಳಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಆ ವಾರಗಳಲ್ಲಿ ಇಡೀ ಊರಿಗೇ ಗಿಡದ ಹುಚ್ಚು ಹತ್ತಿರುತ್ತದೆ, ಬಿಳಿ ಕುಂಡಗಳು ಆಗಲೇ ಹೋಗುವುದು.