ಹಡಗಿನಲ್ಲಿ ಇಂಚಿನ ಲೆಕ್ಕಕ್ಕೆ ಚಿನ್ನ ಕೊಂಡ ಕಥೆ

ಮಲ್ಲಿಗೆಗೆ ಚೆಂಡಿನ ಲೆಕ್ಕ, ಬಟ್ಟೆಗೆ ಮೀಟರ್, ಚಿನ್ನಕ್ಕೆ ಪವನ್, ಅಂದರೆ ಎಂಟು ಗ್ರಾಮ್. ಇದು ಕಾಸರಗೋಡಿನ ನಮ್ಮ ನೀರ್ಚಾಲಿನ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಮೊಮ್ಮಗಳಿರುವ ನಾನು ಇಂಚಿನ ಲೆಕ್ಕದಲ್ಲಿ ಚಿನ್ನ ಕೊಂಡು ಬಂದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಮಕ್ಕಳನ್ನು ನೋಡಲು ಗಲ್ಫಿಗೆ ಹೋದವರು ಅಲ್ಲಿಂದ ಒಂದು ಕ್ರೂಸ್ ಹತ್ತಿ ಬರುವುದು ನಮ್ಮ ಕಡೆಯೂ ಶುರುವಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ.

2025ರ ಜನವರಿ. ಮಗಳು, ಅಳಿಯ ದುಬೈಯಲ್ಲಿದ್ದಾರೆ. ಅಲ್ಲಿ ಚಳಿಗಾಲವೇ ಹಡಗಿನ ಸೀಸನ್. ದುಬೈಯಿಂದ ಹೊರಟು ಅಬುಧಾಬಿ, ದೋಹಾ ಎಲ್ಲ ಸುತ್ತಿ ವಾರಕ್ಕೆ ವಾಪಸ್. ಟಿಕೆಟ್ ಅಳಿಯನದ್ದು. ಹಡಗಿನ ಬಗ್ಗೆ, ಊಟದ ಬಗ್ಗೆ ನನ್ನದೇನೂ ದೂರಿಲ್ಲ. ಸಸ್ಯಾಹಾರ ಕೇಳಿದರೆ ಕೊಟ್ಟರು, ಅನ್ನವೂ ಸಿಕ್ಕಿತು. ತಕರಾರು ಇರುವುದು ಅಂಗಡಿ ಸಾಲಿನ ಬಗ್ಗೆ ಮಾತ್ರ.

ಹಡಗು ಹತ್ತಿದ ದಿನ ಆ ಸಾಲಿಗೆ ಶಟರ್ ಎಳೆದಿತ್ತು. ಬಂದರಿನಲ್ಲಿ ನಿಂತಿರುವಾಗ ಆ ದೇಶದ ಕಸ್ಟಮ್ಸ್ ನಿಯಮ ಬೀಳುತ್ತದೆ. ತೆರಿಗೆ ಇಲ್ಲದ ಮಾಲನ್ನು ಅಲ್ಲಿ ಮಾರುವಂತಿಲ್ಲ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದರೆ ಆ ದೇಶದ ಕಡಲ ಗಡಿ ಮುಗಿಯುತ್ತದೆ. ಆಮೇಲೆ ಶಟರ್ ಮೇಲೆ. ಅಳಿಯ ಇದನ್ನು ವಿವರಿಸಿದಾಗ ನನಗೆ ಖುಷಿಯೇ ಆಯಿತು. ತೆರಿಗೆ ಇಲ್ಲ ಅಂದರೆ ಅಗ್ಗ, ಅಲ್ವಾ?

ನನ್ನ ತಲೆಗೆ ಹೋಗದ ಸಂಗತಿ ಬೇರೆ. ಅಂಗಡಿ ತೆರೆದಿರುವ ಹೊತ್ತಿಗೆ ಸುತ್ತ ಬರೀ ನೀರು. ಪಕ್ಕದ ಅಂಗಡಿಗೆ ಹೋಗಿ ರೇಟು ಕೇಳುವ ಹಾಗಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಹಡಗಿನ ವೈಫೈಗೆ ಬೇರೆ ದುಡ್ಡು, ನಾವು ಹಾಕಿಸಿಕೊಂಡಿರಲಿಲ್ಲ. ತಂಗಿಗೆ ಒಂದು ಕರೆ ಮಾಡಿ 'ಇವತ್ತು ಪವನಿಗೆ ಎಷ್ಟು?' ಎಂದು ಕೇಳಿದ್ದರೂ ಸಾಕಿತ್ತು.

ಮೂರನೇ ರಾತ್ರಿ ಊಟದ ಹಾಲಿನ ಹೊರಗೆ ಮೇಜುಗಳನ್ನು ಹಾಕಿದ್ದರು. ಹತ್ತು ಡಾಲರಿಗೆ ವಾಚು, ಹತ್ತು ಡಾಲರಿಗೆ ಶಾಲು. ಕುಂಬಳೆ ಆಯನದ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ಸೇರುವ ಹಾಗೆ ಹೆಂಗಸರು ಸೇರಿದ್ದರು. ಅದರ ಕೊನೆಯಲ್ಲಿ ಒಂದು ಮೇಜಿನ ಮೇಲೆ ನೂಲಿನ ಉಂಡೆಯಂಥ ದೊಡ್ಡ ರೀಲುಗಳು. ಅವುಗಳಲ್ಲಿ ಸುತ್ತಿದ್ದು ಚಿನ್ನದ ಸರ! ಹಗ್ಗದ ಹೆಣಿಗೆ, ಗೋಧಿ ಹೆಣಿಗೆ, ಹಾವಿನ ಹೆಣಿಗೆ, ಎಲ್ಲವೂ ಇದ್ದವು. ಎಷ್ಟು ಇಂಚು ಬೇಕೋ ಅಷ್ಟು ಕತ್ತರಿಸಿ, ನಮ್ಮ ಎದುರೇ ಕೊಂಡಿ ಹಾಕಿ ಕೊಡುತ್ತಿದ್ದರು. ಇಂಚಿಗೆ ನಾಲ್ಕು ಡಾಲರ್.

ಆ ಹುಡುಗಿ ಒಂದು ಸುಳ್ಳನ್ನೂ ಹೇಳಲಿಲ್ಲ. ಅದೇ ನನಗೆ ಈಗಲೂ ಉರಿ. 'ಮ್ಯಾಡಮ್, ಹದಿನಾಲ್ಕು ಕ್ಯಾರೆಟ್ ಗೋಲ್ಡ್ ಲೇಯರ್ಡ್, ಲೈಫ್ ಟೈಮ್ ಗ್ಯಾರಂಟಿ' ಅಂದಳು. ಹದಿನಾಲ್ಕು ಕ್ಯಾರೆಟ್ ನನಗೆ ಗೊತ್ತಿತ್ತು. ನಮ್ಮ 22 ಕ್ಯಾರೆಟ್‌ನಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಅದೇ 916. ಹದಿನಾಲ್ಕರಲ್ಲಿ ಸುಮಾರು 58 ಪಾಲು. ವಿದೇಶದವರು ಅದನ್ನೇ ಹಾಕಿಕೊಳ್ಳುತ್ತಾರೆ. ಸರಿ, ಸ್ವಲ್ಪ ಕಮ್ಮಿ ಚಿನ್ನ, ಅದಕ್ಕೇ ಅಗ್ಗ ಅಂದುಕೊಂಡೆ. ಲೇಯರ್ಡ್ ಅಂದರೆ? ಎರಡೆಳೆ ಮೂರೆಳೆ ಸರ ಇರುತ್ತದಲ್ಲ, ಅಂಥದ್ದೊಂದು ಡಿಸೈನಿನ ಹೆಸರು ಎಂದು ನಾನೇ ಅರ್ಥ ಮಾಡಿಕೊಂಡೆ. ಬೇರೆ ಲೋಹದ ಮೇಲೆ ಚಿನ್ನದ ಒಂದು ತೆಳು ಪದರ, ಅಷ್ಟೇ ಅದು. ನಮ್ಮ ಮಾತಿನಲ್ಲಿ ಗಿಲೀಟು.

ಮೇಜಿನ ಮೇಲೆ ತಕ್ಕಡಿ ಇರಲಿಲ್ಲ. ಚಿನ್ನ ಮಾರುವ ಜಾಗದಲ್ಲಿ ತಕ್ಕಡಿ ಇಲ್ಲ ಎನ್ನುವುದು ಆಗ ಕಣ್ಣಿಗೆ ಬೀಳಲೇ ಇಲ್ಲ.

ಮೇ ತಿಂಗಳಲ್ಲಿ ತಂಗಿಯ ಮಗಳ ಮದುವೆ ಇತ್ತು. ಅವಳಿಗೆ 22 ಇಂಚಿನದ್ದು, ಮೈದುನನ ಇಬ್ಬರು ಹೆಣ್ಣುಮಕ್ಕಳಿಗೆ 18 ಇಂಚಿನದ್ದು ಒಂದೊಂದು. ಒಟ್ಟು 58 ಇಂಚು, 232 ಡಾಲರ್. ನಾಲ್ಕು ಡಾಲರ್ ಎನ್ನುವಾಗ ನಾಲ್ಕು ರೂಪಾಯಿಯ ಹಾಗೇ ಕೇಳಿಸುತ್ತದೆ ನೋಡಿ. ದುಡ್ಡು ಕೈಯಿಂದ ಕೊಡುವುದೂ ಇಲ್ಲ. ರೂಮಿನ ಬಾಗಿಲು ತೆರೆಯುವ ಕಾರ್ಡನ್ನೇ ಅಲ್ಲಿ ಮುಟ್ಟಿಸಿದರೆ ಆಯಿತು. ಇವರು ಹಿಂದಿನಿಂದ 'ಎಂಥದು ಮಾರಾಯ್ತಿ, ತೂಕ ಎಷ್ಟಂತೆ?' ಎಂದು ಕೇಳಿದರು. 'ಅಡಿಕೆ ಮಾರುವ ನಿಮಗೆ ಎಲ್ಲದಕ್ಕೂ ತೂಕ' ಎಂದು ನಾನೇ ಬಾಯಿ ಮುಚ್ಚಿಸಿದೆ.

ಆ ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. 22 ಇಂಚಿನ ಆ ದಪ್ಪದ ಸರ ನಮ್ಮಲ್ಲಿ ಮಾಡಿಸಿದರೆ ಎರಡು ಪವನ್ ಆದರೂ ಬೇಕು. ಅಂದರೆ 16 ಗ್ರಾಮ್. ನಾನು ಅದಕ್ಕೆ ಕೊಟ್ಟದ್ದು 88 ಡಾಲರ್, ಏಳೂವರೆ ಸಾವಿರ ರೂಪಾಯಿ. ಅದೇ ತಿಂಗಳು ಕೇರಳದಲ್ಲಿ ಪವನಿಗೆ 60,000 ದಾಟಿತ್ತು. ನನ್ನ ದುಡ್ಡಿಗೆ ಒಂದು ಗ್ರಾಮ್ ಸಿಗುವುದೇ ಕಷ್ಟ.

ಇನ್ನೊಂದು ತಮಾಷೆ. ಹಡಗು ಹೊರಟದ್ದು ದುಬೈಯಿಂದ. ದೇರಾದ ಚಿನ್ನದ ಬೀದಿಯಲ್ಲಿ ಗ್ರಾಮಿಗೆ ಇಂತಿಷ್ಟು ಎಂದು ಬೋರ್ಡು ಹಾಕಿ, ಎದುರಿಗೇ ತೂಗಿ ಕೊಡುತ್ತಾರೆ. ಅಲ್ಲಿ ಎರಡು ಸಂಜೆ ಸುಮ್ನೆ ಸುತ್ತಾಡಿ, ರೇಟು ಜಾಸ್ತಿ ಎಂದು ಏನೂ ಕೊಳ್ಳದೆ ಬಂದವಳು ನಾನು.

ಮಂಗಳೂರಿನಲ್ಲಿ ಇಳಿಯುವಾಗ ಎದೆ ಢವಢವ. ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದು ಬರುವವರಿಗೆ ಮಾತ್ರ ಒಡವೆಗೆ ಸುಂಕದ ರಿಯಾಯಿತಿ ಉಂಟು, ನಮ್ಮ ಹಾಗೆ ತಿಂಗಳಿಗೆ ಹೋಗಿ ಬರುವವರಿಗೆ ಇಲ್ಲ. ಕಾಸರಗೋಡಿನ ಪಾಸ್‌ಪೋರ್ಟು ಕಂಡರೆ ಕಸ್ಟಮ್ಸಿನವರು ಸುಮ್ಮನೆ ಬಿಟ್ಟಾರಾ ಎಂಬ ಹೆದರಿಕೆ ಬೇರೆ. ಬಿಲ್ಲು ಕೈಯಲ್ಲಿ ಹಿಡಿದು, ಕೇಳಿದರೆ ಸುಂಕ ಕಟ್ಟಿಬಿಡುವುದು ಎಂದು ನಿಂತಿದ್ದೆ. ಯಾರೂ ಕೇಳಲಿಲ್ಲ. ಕೇಳಿದ್ದರೆ ಪಾಪ, ಅವರೇ ನನಗೆ ವಿಷಯ ತಿಳಿಸುತ್ತಿದ್ದರೋ ಏನೋ.

ಏಪ್ರಿಲಿನಲ್ಲಿ ಕೊಂಡಿ ಬದಲಿಸಲು ನಮ್ಮ ಆಚಾರಿಯ ಹತ್ತಿರ ಕೊಟ್ಟೆ. ಅವರು ಕೈಯಲ್ಲಿ ಹಿಡಿದಾಗಲೇ ಮುಖ ಬೇರೆಯಾಯಿತು. 'ಅಕ್ಕ, ಇದನ್ನು ಎಲ್ಲಿಂದ ತಂದದ್ದು?' ಸರಕ್ಕೆ ಸ್ವಲ್ಪ ಅರ ಹಾಕಿ, ಒರೆಗಲ್ಲಿಗೆ ಉಜ್ಜಿ, ಒಂದು ಹನಿ ಆಸಿಡ್ ಬಿಟ್ಟರು. ಚಿನ್ನದ ಗೆರೆಯಾದರೆ ಹಾಗೇ ನಿಲ್ಲುತ್ತದೆ. ಇದು ಹಸಿರು ನೊರೆ ಎದ್ದು ಮಾಯವಾಯಿತು. 'ಒಳಗೆ ಹಿತ್ತಾಳೆ' ಅಂದರು. ಕೂಲಿ ತಗೊಳ್ಳಲಿಲ್ಲ. ಅದು ಇನ್ನೂ ನಾಚಿಕೆ.

ಆಮೇಲೆ ಮಗಳು ಹಡಗಿನ ಕಂಪನಿಗೆ ಮೇಲ್ ಹಾಕಿದಳು. ಅಂಗಡಿ ನಡೆಸುವವರು ಬೇರೆ, ನಾವು ಜಾಗ ಕೊಟ್ಟಿರುವುದಷ್ಟೇ ಎಂದು ಉತ್ತರ ಬಂತು. ಹಡಗಿನ ಅಂಗಡಿಗಳು ಹೆಚ್ಚಾಗಿ ಹೀಗೇ ಗುತ್ತಿಗೆಯವಂತೆ. ಅಂಗಡಿಯವರಿಗೆ ಬರೆದರೆ, ಬಿಲ್ಲಿನಲ್ಲಿ ಲೇಯರ್ಡ್ ಎಂದು ಇದೆ, ಓದಿ ಎಂದರು. ಲೈಫ್ ಟೈಮ್ ಗ್ಯಾರಂಟಿ ಏನಾಯಿತು? ಬಣ್ಣ ಹೋದರೆ ಅಂಚೆ ಖರ್ಚು ನಾವೇ ಕೊಟ್ಟು ಅಮೆರಿಕದ ವಿಳಾಸಕ್ಕೆ ಕಳಿಸಬೇಕು, ಅವರು ಇನ್ನೊಂದು ಗಿಲೀಟು ಸರ ಕಳಿಸುತ್ತಾರೆ. ಗ್ರಾಹಕ ಕೋರ್ಟಿಗೆ ಹೋಗಬಹುದಾ ಎಂದು ವಕೀಲನಾದ ಅಣ್ಣನ ಮಗನನ್ನು ಕೇಳಿದೆ. 'ಅತ್ತೆ, ಅಂಗಡಿ ಅಮೆರಿಕದವರದ್ದು, ಹಡಗಿನ ಬಾವುಟ ಪನಾಮದ್ದು, ಮಾರಿದ್ದು ನಡುಗಡಲಲ್ಲಿ. ಕಾಸರಗೋಡಿನಲ್ಲಿ ಯಾರ ಮೇಲೆ ಹಾಕುವುದು?' ಎಂದು ನಕ್ಕ.

ಕಾರ್ಡಿನ ವಿಷಯ ಒಂದು ಬಾಕಿ. ಹಡಗಿನಲ್ಲಿ ಮುಟ್ಟಿಸಿದ್ದೆಲ್ಲ ಕೊನೆಯ ದಿನ ಒಂದೇ ಮೊತ್ತವಾಗಿ ಕ್ರೆಡಿಟ್ ಕಾರ್ಡಿನಿಂದ ಹೋಗುತ್ತದೆ. ನನ್ನದು ಊರಿನ ಬ್ಯಾಂಕಿನ ಕಾರ್ಡು. ಡಾಲರ್ ಖರ್ಚಿಗೆಂದು ಮೂರೂವರೆ ಶೇಕಡಾ, ಅದರ ಮೇಲೆ ಜಿಎಸ್‌ಟಿ, ಎಂಟುನೂರು ರೂಪಾಯಿಗಿಂತ ಮೇಲೆ ಹಿಡಿದರು. ಹೋಗುವವರು ದಿನಾ ರಾತ್ರಿ ರೂಮಿನ ಟಿವಿಯಲ್ಲೋ ಕೌಂಟರಿನಲ್ಲೋ ಲೆಕ್ಕ ನೋಡಿಕೊಳ್ಳಿ. ನಾವು ತೆಗೆದುಕೊಳ್ಳದ ಎರಡು ಫೋಟೋದ ದುಡ್ಡು ನಮ್ಮ ಲೆಕ್ಕದಲ್ಲಿತ್ತು. ಇಳಿಯುವ ಮುಂಚೆ ಕೇಳಿದ್ದರಿಂದ ತೆಗೆದರು. ಅಳಿಯ ಕೊಂಡ ಬಾಟಲಿಗಳನ್ನು ಕೈಗೆ ಕೊಡಲೇ ಇಲ್ಲ, ಕಟ್ಟಿಟ್ಟು ಕೊನೆಯ ರಾತ್ರಿ ಕೊಟ್ಟರು. ಅದು ಅಲ್ಲಿಯ ಪದ್ಧತಿಯಂತೆ, ಗಾಬರಿ ಬೇಡ.

ಮದುವೆಗೆ ಕೊನೆಗೆ ಊರಿನಲ್ಲೇ ಅರ್ಧ ಪವನಿನ ಉಂಗುರ ಕೊಟ್ಟೆ. ತೂಗಿಸಿ, ಹಾಲ್‌ಮಾರ್ಕಿನ ಆರು ಅಕ್ಷರದ ನಂಬರನ್ನು ಭೂತಗನ್ನಡಿಯಲ್ಲಿ ಓದಿಯೇ ತಂದದ್ದು. ಹಡಗಿನ ಮೂರು ಸರಗಳು ಈಗ ಮೊಮ್ಮಗಳ ವೇಷದ ಡಬ್ಬದಲ್ಲಿವೆ. ದೂರದಿಂದ ನೋಡಿದರೆ ಈಗಲೂ ಚಿನ್ನವೇ.