ಡೈಕ್ಲೋಫೆನಾಕ್: ಮಂಡಿ ನೋವಿಗೆ ಮಾತ್ರೆ ಬೇಕೇ, ಜೆಲ್ ಸಾಕೇ?

ಉಳುಕು, ಹಲ್ಲುನೋವು, ಮುಟ್ಟಿನ ನೋವು, ಮಂಡಿ ಸವೆತ ಇವಕ್ಕೆಲ್ಲ ಡೈಕ್ಲೋಫೆನಾಕ್ ಒಳ್ಳೆಯ ಔಷಧ. ವೊವೆರಾನ್ ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಊತವಿರುವ ನೋವಿಗೆ ಬರೀ ಪ್ಯಾರಾಸಿಟಮಾಲ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಆದರೆ ಚೀಟಿ ಇಲ್ಲದೆ ಸ್ಟ್ರಿಪ್‌ಗಟ್ಟಲೆ ಕೊಂಡು ತಿಂಗಳಾನುಗಟ್ಟಲೆ ನುಂಗುವ ಮಾತ್ರೆ ಇದಲ್ಲವೇ ಅಲ್ಲ.

50 ಮಿ.ಗ್ರಾಂ ಡೈಕ್ಲೋಫೆನಾಕ್ ಸೋಡಿಯಂ ಮಾತ್ರೆಯ ಮೇಲಿನ ಲೇಪನ ಕರುಳಿನಲ್ಲಿ ಕರಗುವಂಥದ್ದು. ಮುರಿಯಬಾರದು, ಅಗಿಯಬಾರದು. ನೋವು ಬೇಗ ಇಳಿಯಬೇಕಿದ್ದರೆ ವೈದ್ಯರು ಪೊಟ್ಯಾಸಿಯಂ ರೂಪದ್ದನ್ನು ಬರೆಯುತ್ತಾರೆ. ದಿನಕ್ಕೆ 150 ಮಿ.ಗ್ರಾಂ ಗರಿಷ್ಠ. ನಿಧಾನವಾಗಿ ಔಷಧ ಬಿಡುವ ಎಸ್‌ಆರ್ 100 ಮಾತ್ರೆ ತೆಗೆದುಕೊಂಡು ಮೇಲೆ ಎರಡು 50 ನುಂಗಿದರೆ ಮಿತಿ ದಾಟಿತು. ಪ್ಯಾರಾಸಿಟಮಾಲ್ ಬೆರೆತ ಮಾತ್ರೆಗಳಲ್ಲೂ ಇದೇ ಔಷಧ ಇರುವುದುಂಟು, ಸ್ಟ್ರಿಪ್‌ನ ಹಿಂಬದಿ ಓದಿ. ಇದೇ ಗುಂಪಿನ ನೋವಿನ ಮಾತ್ರೆಗಳಾದ ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇದರ ಜೊತೆ ಸಲ್ಲವು.

ಲೇಪನ ಇದೆ, ಹೊಟ್ಟೆಗೆ ಏನೂ ಆಗದು ಎಂಬ ನಂಬಿಕೆ ತಪ್ಪು. ಜಠರದ ಒಳಪದರವನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ಈ ಔಷಧ ರಕ್ತದ ಮೂಲಕವೇ ತಗ್ಗಿಸುತ್ತದೆ. ವಯಸ್ಸು 65 ದಾಟಿದವರಿಗೆ, ಹಿಂದೆ ಅಲ್ಸರ್ ಆದವರಿಗೆ, ಸ್ಟೀರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುವವರಿಗೆ ಅಪಾಯ ಹೆಚ್ಚು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು. ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುವ, ಆಮ್ಲ ತಗ್ಗಿಸುವ ಒಮೆಪ್ರಜೋಲ್ ಜಠರಕ್ಕೆ ನೆರವಾಗುತ್ತದೆ, ಕಿಡ್ನಿಗೂ ಹೃದಯಕ್ಕೂ ಅದರಿಂದ ರಕ್ಷಣೆಯಿಲ್ಲ.

ಕಿಡ್ನಿಯ ವಿಷಯ ಇನ್ನೂ ಗಂಭೀರ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಡೈಕ್ಲೋಫೆನಾಕ್: ಈ ಮೂರೂ ಸೇರಿದರೆ ಕಿಡ್ನಿಯ ಸೋಸುವ ಒತ್ತಡ ಕುಸಿಯುತ್ತದೆ. ವಾಂತಿಭೇದಿಯಾಗಿ ಮೈ ಒಣಗಿದ್ದಾಗಲಂತೂ ಮುಟ್ಟಲೇಬೇಡಿ. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಹೃದಯ ವೈಫಲ್ಯ ಇರುವವರಿಗೆ ಇದು ಬೇಡವೆಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಹೇಳಿದ್ದಾರೆ. ಡೆಂಗಿ ಅನುಮಾನವಿದ್ದರೆ, ಗರ್ಭಕ್ಕೆ 20 ವಾರ ತುಂಬಿದ್ದರೆ ಬೇಡ.

ನುಂಗಲು ಆಗುವವರಿಗೆ ಇಂಜೆಕ್ಷನ್‌ನಿಂದ ಹೆಚ್ಚಿನ ಲಾಭವಿಲ್ಲ. ಚುಚ್ಚಿದಲ್ಲಿ ಕೀವುಗಟ್ಟುವ, ನರಕ್ಕೆ ಪೆಟ್ಟಾಗುವ ಭಯ ಬೇರೆ. ಇಂಜೆಕ್ಷನ್‌ನ ಹಾನಿ ಮನುಷ್ಯರಿಗಷ್ಟೇ ಅಲ್ಲ: ಈ ಔಷಧ ಕೊಟ್ಟಿದ್ದ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ಹಾಗಾಗಿ ಭಾರತದಲ್ಲಿ 2006ರಲ್ಲಿ ಪಶುಗಳಿಗೆ ಇದನ್ನು ನಿಷೇಧಿಸಿದರು. ಆಮೇಲೂ ಮನುಷ್ಯರ ಇಂಜೆಕ್ಷನ್‌ನ ದೊಡ್ಡ ಬಾಟಲಿಗಳು ದನಗಳಿಗೆ ಬಳಕೆಯಾಗುತ್ತಿದ್ದವು, ಹಾಗಾಗಿ 2015ರಲ್ಲಿ ಆ ಬಾಟಲಿಯ ಗಾತ್ರಕ್ಕೆ 3 ಮಿ.ಲೀ. ಮಿತಿ ಬಂತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳಿಗೂ ಇದು ಜೀವದ ಪ್ರಶ್ನೆ.

ನೋವು ಮಂಡಿಯಲ್ಲೋ ಕೈಬೆರಳಿನ ಗಂಟಿನಲ್ಲೋ ಮಾತ್ರ ಇದ್ದರೆ ನಮ್ಮ ಆಯ್ಕೆ 1.16% ಜೆಲ್. ಮಾತ್ರೆಗೆ ಹೋಲಿಸಿದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕಡಲೆಕಾಳಿನಷ್ಟು ಸವರಿ ‘ಕೆಲಸ ಮಾಡಲಿಲ್ಲ’ ಎನ್ನುವವರೇ ಜಾಸ್ತಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಅರ್ಧ ಗ್ರಾಂ ಆಗುತ್ತದೆ. ಒಂದು ಮಂಡಿಗೆ ಅಷ್ಟುದ್ದದ ನಾಲ್ಕರಿಂದ ಎಂಟು ಎಳೆ ಜೆಲ್ ಬೇಕು, ದಿನಕ್ಕೆ ಮೂರು ನಾಲ್ಕು ಸಲ. ಪೂರ್ತಿ ಪ್ರಮಾಣದಲ್ಲಿ ಹಚ್ಚಿದರೆ 30 ಗ್ರಾಂ ಟ್ಯೂಬ್ ಎರಡೇ ದಿನಕ್ಕೆ ಮುಗಿಯುತ್ತದೆ, ಖರ್ಚು ನಿಜ. ಗುಣ ಕಾಣಲು ಒಂದು ವಾರ ಕೊಡಿ. ಗಾಯದ ಮೇಲೆ ಹಚ್ಚಬೇಡಿ, ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಕೈ ತೊಳೆದುಕೊಳ್ಳಿ. ಸೊಂಟದ ಕೀಲು ತುಂಬ ಆಳದಲ್ಲಿರುವುದರಿಂದ ಅಲ್ಲಿಗೆ ಜೆಲ್ ಕೊಳ್ಳುವುದು ದುಡ್ಡು ದಂಡ.